ತಳವಿಲ್ಲದ ಬುಟ್ಟಿ

ರಾಯಚೂರಿನ ಬೇಸಗೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಬ್ಬ ಮನುಷ್ಯ ಮತ್ತೊಬ್ಬನ ಮನೆಯ ಬಾಗಿಲು ತಟ್ಟಿದನೆಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು. ಆ ಹೊತ್ತಿನಲ್ಲಿ ನಮ್ಮ ಊರಿನ ನಾಯಿಗಳೂ ಗೋಡೆಯ ನೆರಳನ್ನು ಬಿಟ್ಟು ಕದಲುವುದಿಲ್ಲ. ಭಾನುವಾರದ ಊಟ ಮುಗಿಸಿ, ತಿದ್ದಬೇಕಾದ ಉತ್ತರಪತ್ರಿಕೆಗಳನ್ನು ದಿಂಬಿನ ಪಕ್ಕದಲ್ಲಿರಿಸಿಕೊಂಡು, ಅವುಗಳನ್ನು ಮುಟ್ಟದಿರುವುದಕ್ಕೆ ಯೋಗ್ಯವಾದ ನೆಪವೊಂದನ್ನು ಹುಡುಕುತ್ತಿದ್ದ ನನಗೆ ಬಾಗಿಲ ಸದ್ದು ಕೇಳಿ ಒಳಗೊಳಗೇ ಸಂತೋಷವಾಯಿತೆಂಬುದನ್ನು ಓದುಗರಿಂದ ಮುಚ್ಚಿಡುವುದಿಲ್ಲ.

ಬಂದವರು ದೇವದುರ್ಗದ ಕಡೆಯ ರೈತರು. ಹೆಗಲ ಮೇಲೆ ಟವಲು, ಕೈಯಲ್ಲಿ ಚೀಲ, ಕಾಲಲ್ಲಿ ಬಸ್‌ಸ್ಟ್ಯಾಂಡಿನ ಧೂಳು. ನೀರಾಯಿತು, ಮಜ್ಜಿಗೆಯಾಯಿತು. ನಾರಾಯಣಪುರದ ಕಾಲುವೆಯ ನೀರಿನ ವಿಚಾರ, ಹತ್ತಿಯ ಧಾರಣೆಯ ವಿಚಾರ ಎರಡೆರಡು ಮಾತು ನಡೆದವು. ಅನಂತರ ಅವರು ಟವಲಿನಿಂದ ಮುಖ ಒರೆಸಿಕೊಂಡು ವಿಷಯಕ್ಕೆ ಬಂದರು.

“ಸರ, ನಮ್ಮ ಹುಡುಗ ನಿಮ್ಮ ಕ್ಲಾಸಿನಾಗ ಕೂಡ್ತಾನಲ್ರಿ, ಉದ್ದಕಿನವ. ಅವನಿಗೆ ಒಂದೀಟು ಬುದ್ಧಿ ಹೇಳ್ರಿ. ಮೈ ಬೆಳದದ, ತಲಿ ಬೆಳದಿಲ್ಲ. ಮುಂಜಾನಿ ಚೆಂಡು, ಸಂಜೀಕ ಚೆಂಡು. ಈಗ ಡಿಗ್ರಿ ಬಿಟ್ಟು ಬೆಂಗಳೂರಿಗಿ ಹೋಗ್ತೀನಂತಾನ. ಅಲ್ಲಿ ಯಾವುದೋ ಕ್ಲಬ್ಬಿನಾಗ ಆಡ್ತಾನಂತ. ಚೆಂಡು ಹೊಟ್ಟಿಗಿ ಹಾಕ್ತದೇನ್ರಿ?”

ಹುಡುಗನನ್ನು ನಾನು ಬಲ್ಲೆ. ಬಿ.ಎ. ಎರಡನೆಯ ವರ್ಷದವನು. ಕೊನೆಯ ಬೆಂಚಿನಲ್ಲಿ ಕುಳಿತರೂ ಮೊದಲನೆಯ ಬೆಂಚಿನಲ್ಲಿ ನಿಂತವರಿಗಿಂತ ಎತ್ತರ ಕಾಣುವವನು. ಹಳಗನ್ನಡದ ತರಗತಿಗಳಲ್ಲಿ ಅವನ ಹಾಜರಿ ಹೇಳಿಕೊಳ್ಳುವಂತಿರಲಿಲ್ಲ. ಆದರೆ ಹಳಗನ್ನಡದ ತರಗತಿಗಳಲ್ಲಿ ಯಾರ ಹಾಜರಿಯೂ ಹೇಳಿಕೊಳ್ಳುವಂತಿರುವುದಿಲ್ಲವಾದ್ದರಿಂದ ಅದನ್ನು ನಾನು ದೊಡ್ಡ ಅಪರಾಧವೆಂದು ಎಣಿಸಿರಲಿಲ್ಲ. ತಂದೆಗೆ ಮಾತ್ರ “ವಿಚಾರಿಸುತ್ತೇನೆ” ಎಂದು ಭರವಸೆ ಕೊಟ್ಟು ಕಳುಹಿಸಿದೆ. ಹೋಗುವಾಗ ಅವರು ಚೀಲದಿಂದ ಎರಡು ಸೇರು ಶೇಂಗಾ ತೆಗೆದು, ನಾನು ಬೇಡವೆಂದರೂ ಕೇಳದೆ, ನನ್ನ ಉತ್ತರಪತ್ರಿಕೆಗಳ ಪಕ್ಕದಲ್ಲಿಯೇ ಇಟ್ಟು ಹೋದರು. ಶೇಂಗಾ ತಿಂದ ಮೇಲೆ ವಿಚಾರಿಸದೆ ಇರುವುದು ಹೇಗೆ?

ಮರುದಿನ ಸಂಜೆ, ಈ ಕಾಲೇಜಿಗೆ ಬಂದ ಮೇಲೆ ಮೊದಲ ಬಾರಿಗೆ, ಆಟದ ಬಯಲಿನ ಕಡೆಗೆ ನಡೆದೆ. ಬ್ಯಾಸ್ಕೆಟ್‌ಬಾಲಿಗೆ ‘ಬುಟ್ಟಿಚೆಂಡು’ ಎಂಬ ಶುದ್ಧ ಕನ್ನಡ ರೂಪವೊಂದನ್ನು ನಾನು ತರಗತಿಯಲ್ಲಿ ಪ್ರಯೋಗಿಸಿ ನಗೆಗೀಡಾದದ್ದುಂಟು. ಆದ್ದರಿಂದ ಇಲ್ಲಿ ಜನರ ಮಾತನ್ನೇ ಬಳಸುತ್ತೇನೆ. ಸಿಮೆಂಟಿನ ನೆಲ, ಎರಡು ಕಡೆ ಕಂಬ, ಒಂದು ಕಂಬದ ಕಬ್ಬಿಣದ ಬಳೆ ಸ್ವಲ್ಪ ಕೆಳಕ್ಕೆ ಬಾಗಿದೆ. ನಮ್ಮ ಹುಡುಗ ಆಡುತ್ತಿರಲಿಲ್ಲ. ಹಾಸ್ಟೆಲಿನ ಏಳೆಂಟು ಚಿಕ್ಕ ಹುಡುಗರನ್ನು ಸಾಲಾಗಿ ನಿಲ್ಲಿಸಿಕೊಂಡು, ಚೆಂಡು ಹಿಡಿದು ನಿಂತಾಗ ಒಂದು ಪಾದವನ್ನು ನೆಲಕ್ಕೆ ಊರಿ ಮತ್ತೊಂದನ್ನು ಮಾತ್ರ ಹೇಗೆ ತಿರುಗಿಸಬೇಕೆಂಬುದನ್ನು ತೋರಿಸುತ್ತಿದ್ದ. ಒಬ್ಬ ಹುಡುಗನ ಪಾದ ಮತ್ತೆ ಮತ್ತೆ ಜಾರುತ್ತಿತ್ತು. ಇವನು ಬೈಯಲಿಲ್ಲ. ಮಂಡಿಯೂರಿ ಕುಳಿತು, ಆ ಪಾದವನ್ನು ತನ್ನ ಅಂಗೈಯಿಂದ ನೆಲಕ್ಕೆ ಒತ್ತಿಹಿಡಿದು, “ಈಗ ತಿರುಗು” ಎಂದ.

ಕಲಿಸುವ ವೃತ್ತಿಯಲ್ಲಿ ಹತ್ತು ವರ್ಷ ಕಳೆದವನು ನಾನು. ಆ ಅಂಗೈಯನ್ನು ನೋಡಿ ಸ್ವಲ್ಪ ನಾಚಿಕೆಯಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಬಯಲಿನ ಅಂಚಿನ ಕಲ್ಲುಬೆಂಚಿನ ಮೇಲೆ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ಎಲ್ಲರ ಬಾಯಲ್ಲಿ ‘ಪಿ.ಡಿ. ಸರ್’, ಕುಳಿತಿದ್ದರು. ಮಾನ್ವಿ ತಾಲ್ಲೂಕಿನವರು. ಏಳುವಾಗ ಎರಡೂ ಕೈಗಳಿಂದ ಮಂಡಿಗಳನ್ನು ಹಿಡಿದುಕೊಂಡು ಏಳುವ ಇವರ ಅಭ್ಯಾಸವನ್ನು ಸಿಬ್ಬಂದಿಯ ಕೊಠಡಿಯಲ್ಲಿ ನಾವು ತಮಾಷೆ ಮಾಡಿದ್ದೆವು. ಅದರ ಹಿಂದಿನ ಕಥೆಯನ್ನು ಆ ಸಂಜೆಯವರೆಗೆ ಯಾರೂ ಕೇಳಿರಲಿಲ್ಲ. ಕಾಲೇಜಿನಲ್ಲಿದ್ದಾಗ ಅವರೇ ತಂಡದ ಆಧಾರಸ್ತಂಭ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು. ಆಟದ ಬಲದಿಂದಲೇ ಒಂದು ನೌಕರಿ ಸಿಕ್ಕಿತು. ಹಗಲು ಕಡತ, ಸಂಜೆ ಚೆಂಡು. ನಾಲ್ಕನೆಯ ವರ್ಷ ಜಿಗಿದು ಇಳಿಯುವಾಗ ಮಂಡಿ ತಿರುಗಿತು. ಆ ಮೇಲೆ ಬಿ.ಪಿ.ಎಡ್., ಎಂ.ಪಿ.ಎಡ್., ಅರ್ಹತಾ ಪರೀಕ್ಷೆ. ಕೊನೆಗೆ ಈ ಕಲ್ಲುಬೆಂಚು. ಇಷ್ಟನ್ನು ಅವರು ಐದು ನಿಮಿಷಗಳಲ್ಲಿ, ಬೇರೆ ಯಾರದೋ ಕಥೆಯೆಂಬಂತೆ ಹೇಳಿ ಮುಗಿಸಿದರು.

ನಾನು ಹುಡುಗನನ್ನು ಕರೆದು, ತಂದೆ ಬಂದಿದ್ದ ಸಂಗತಿ ತಿಳಿಸಿ, ಉಪದೇಶದ ಧ್ವನಿಯನ್ನು ಸರಿಪಡಿಸಿಕೊಂಡು, ಅಮೆರಿಕದ ಆಟಗಾರರ ಕನಸು ನಮಗೇಕೆ ಎಂದು ಆರಂಭಿಸಿದೆ. ಅವನು ನನ್ನನ್ನು ಅರ್ಧಕ್ಕೇ ತಡೆದ.

“ಸರ್, ನಾ ಎನ್.ಬಿ.ಎ.ಗೆ ಹೋಗ್ತೀನಂತ ಯಾವಾಗ ಅಂದೀನ್ರಿ? ನಾ ಪಿ.ಡಿ. ಸರ್ ಹಂಗ ಆಗಬೇಕಂತೀನ್ರಿ. ಆದ್ರ ದೊಡ್ಡ ಆಟ ಆಡದವನ ಮಾತು ಯಾರು ಕೇಳ್ತಾರ್ರಿ? ಅದಕ್ಕ ಮೊದಲು ಬೆಂಗಳೂರಿಗೆ ಹೋಗಿ ಆಡಬೇಕಂತ.”

ತಂದೆ ಒಂದು ಕೇಳಿದ್ದರು, ಮಗ ಇನ್ನೊಂದು ಹೇಳುತ್ತಿದ್ದ. ಆಟ ಅನ್ನ ಕೊಡುವುದೇ ಎಂಬುದು ತಂದೆಯ ಪ್ರಶ್ನೆ. ದೊಡ್ಡ ಆಟಗಾರನಾಗದವನು ಒಳ್ಳೆಯ ಗುರುವಾಗಬಲ್ಲನೇ ಎಂಬುದು ಮಗನ ಪ್ರಶ್ನೆ. ಎರಡಕ್ಕೂ ಉತ್ತರ ನನ್ನಲ್ಲಿರಲಿಲ್ಲ. ಒಂದು ವಾರ ಅವಕಾಶ ಕೇಳಿದೆ. ಆ ವಾರ ನಾನು ಓದಿದ್ದನ್ನೂ ಪಿ.ಡಿ.ಯವರಿಂದ ಕೇಳಿ ತಿಳಿದದ್ದನ್ನೂ ಓದುಗರ ಮುಂದಿಡುತ್ತೇನೆ.

ತಂದೆಯ ಪ್ರಶ್ನೆ ನ್ಯಾಯವಾದದ್ದು. ಈ ಆಟ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ವೈ.ಎಂ.ಸಿ.ಎ. ಸಂಸ್ಥೆಯವರ ಮೂಲಕ ಬಂದು, 1920ರಲ್ಲಿ ಮದರಾಸಿನಲ್ಲಿ ಅವರ ವ್ಯಾಯಾಮ ಕಾಲೇಜು ಆರಂಭವಾದ ಮೇಲೆ ಬೇರೂರಿತು. 1934ರಲ್ಲಿಯೇ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಆದರೂ ನಮ್ಮ ಪುರುಷರ ತಂಡ ಒಲಿಂಪಿಕ್ಸಿನಲ್ಲಿ ಆಡಿದ್ದು ಒಂದೇ ಬಾರಿ, 1980ರಲ್ಲಿ ಮಾಸ್ಕೋದಲ್ಲಿ. ಅಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಪಂಜಾಬಿನ ಹಳ್ಳಿಯೊಂದರ ರೈತನ ಮಗ ಸತ್ನಾಮ್ ಸಿಂಗ್, ಏಳಡಿಗೂ ಮೀರಿದ ಎತ್ತರದ ತರುಣ, 2015ರಲ್ಲಿ ಅಮೆರಿಕದ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ದೇಶವೆಲ್ಲ ಸಂಭ್ರಮಿಸಿತು. ಪಾಪ, ಆ ತಂಡದ ಪರವಾಗಿ ಎನ್.ಬಿ.ಎ.ಯ ಒಂದು ಪಂದ್ಯವನ್ನೂ ಆಡುವ ಯೋಗ ಅವನಿಗೆ ಬರಲಿಲ್ಲ. ಮುಂದೆ ಅವನು ಅಮೆರಿಕದ ಕುಸ್ತಿಯ ಅಖಾಡಕ್ಕಿಳಿದ. ನಮ್ಮಲ್ಲಿ ಈ ಆಟದ ವೃತ್ತಿಪರ ಲೀಗುಗಳನ್ನು ಹೂಡುವ ಪ್ರಯತ್ನಗಳಾಗಿವೆಯಾದರೂ ಅವುಗಳನ್ನು ನಂಬಿ ಹತ್ತು ವರ್ಷದ ಸಂಸಾರವನ್ನು ಹೂಡುವ ಧೈರ್ಯ ಯಾರಿಗೂ ಬಂದಂತಿಲ್ಲ. ಆದ್ದರಿಂದ ಭಾರತದಲ್ಲಿ ಆಟಗಾರನ ‘ವೃತ್ತಿ’ಯೆಂದರೆ ಬಹುಮಟ್ಟಿಗೆ ನೌಕರಿಯೇ: ರೈಲ್ವೆ, ಬ್ಯಾಂಕು, ಪೊಲೀಸು, ಸೈನ್ಯ.

ಈ ಪೈಕಿ ರೈಲ್ವೆಯ ಹೆಸರು ಬಂದಾಗ ರಾಯಚೂರಿನವನಾದ ನನ್ನ ಕಿವಿ ನಿಮಿರುವುದು ಸಹಜ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ಕೂಡಿಕೊಂಡದ್ದು ನಮ್ಮ ಊರಿನಲ್ಲಿ. ಅದೇ ರೈಲ್ವೆ 1928ರಲ್ಲಿಯೇ ಕ್ರೀಡೆಗಾಗಿ ಪ್ರತ್ಯೇಕ ಮಂಡಳಿಯೊಂದನ್ನು ಕಟ್ಟಿ, ಅಂದಿನಿಂದ ಆಟಗಾರರಿಗೆ ಅನ್ನವಿಕ್ಕುತ್ತ ಬಂದಿದೆ. ಟಿಕೆಟ್ಟು ನೋಡುವ, ಕಚೇರಿಯಲ್ಲಿ ಕಾಗದ ಬರೆಯುವ ಕೆಲಸದಲ್ಲಿದ್ದು ದೇಶಕ್ಕಾಗಿ ಆಡಿದವರು ಎಷ್ಟೋ ಮಂದಿ.

ಇನ್ನು ಮಗನ ಪ್ರಶ್ನೆ. ಇಲ್ಲಿ ನನಗೆ ಇಬ್ಬರು ಸಿಕ್ಕಿದರು; ಒಬ್ಬ ದೂರದವನು, ಒಬ್ಬರು ತೀರ ಹತ್ತಿರದವರು.

ದೂರದವನು ಬಿಲ್ ರಸೆಲ್. 1934ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ಹುಟ್ಟಿದ ಕರಿಯ ಬಾಲಕ. ಪ್ರೌಢಶಾಲೆಯಲ್ಲಿ ಅವನ ಆಟ ಎಷ್ಟು ಸಾಧಾರಣವಾಗಿತ್ತೆಂದರೆ, ಕಿರಿಯರ ತಂಡದಲ್ಲಿ ಹದಿನಾರನೆಯವನಾಗಿದ್ದ. ಸಮವಸ್ತ್ರಗಳಿದ್ದುದು ಹದಿನೈದು. ಕೊನೆಯ ಸಮವಸ್ತ್ರವನ್ನು ಅವನೂ ಇನ್ನೊಬ್ಬ ಹುಡುಗನೂ ಸರದಿಯಂತೆ ಹಾಕಿಕೊಳ್ಳುತ್ತಿದ್ದರು: ಒಂದು ಪಂದ್ಯಕ್ಕೆ ಅವನು, ಮರು ಪಂದ್ಯಕ್ಕೆ ಇವನು. ಜಾರ್ಜ್ ಪೌಲ್ಸ್ ಎಂಬ ಶಿಕ್ಷಕ ಅವನನ್ನು ತಂಡದಿಂದ ಕಳಚಿಬಿಡದೆ ಉಳಿಸಿಕೊಂಡ. ಆ ಅರ್ಧ ಸಮವಸ್ತ್ರದ ಹುಡುಗ ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ತಂಡವನ್ನು 1955ರಲ್ಲಿಯೂ 1956ರಲ್ಲಿಯೂ ರಾಷ್ಟ್ರದ ಕಾಲೇಜು ಚಾಂಪಿಯನ್ ಪಟ್ಟಕ್ಕೇರಿಸಿದ. ಅದೇ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನ ಚಿನ್ನ ಗೆದ್ದ. ವರ್ಷದ ಕೊನೆಗೆ ಬಾಸ್ಟನ್ ಸೆಲ್ಟಿಕ್ಸ್ ಸೇರಿದ. ಅಲ್ಲಿ 13 ಋತುಗಳಲ್ಲಿ 11 ಪ್ರಶಸ್ತಿ. ವಿಶೇಷವೆಂದರೆ ಇವನ ಖ್ಯಾತಿ ಬುಟ್ಟಿಗೆ ಚೆಂಡು ಹಾಕುವುದರಿಂದ ಬಂದದ್ದಲ್ಲ, ಎದುರಾಳಿಗಳು ಹಾಕದಂತೆ ತಡೆಯುವುದರಿಂದ ಬಂದದ್ದು. ತಡೆದ ಚೆಂಡನ್ನು ಪ್ರೇಕ್ಷಕರ ಚಪ್ಪಾಳೆಗಾಗಿ ಹೊರಕ್ಕೆ ಬಡಿಯದೆ, ತನ್ನವರ ಕೈಗೆ ಬೀಳುವಂತೆ ತಟ್ಟುತ್ತಿದ್ದನಂತೆ.

1966ರಲ್ಲಿ ಅವನ ಗುರು ರೆಡ್ ಔರ್‌ಬ್ಯಾಕ್ ತರಬೇತುಗಾರನ ಹುದ್ದೆಯನ್ನು ಬಿಟ್ಟಾಗ ಆ ಸ್ಥಾನಕ್ಕೆ ರಸೆಲನೇ ಬಂದ. ಆಡುವವನೂ ಅವನೇ, ಆಡಿಸುವವನೂ ಅವನೇ. ಎನ್.ಬಿ.ಎ.ಯಲ್ಲಿ ಕರಿಯನೊಬ್ಬ ಮುಖ್ಯ ತರಬೇತುಗಾರನಾದದ್ದು ಅದೇ ಮೊದಲು. ಬಣ್ಣದ ಕಾರಣದಿಂದ ಅವನಿಗೂ ಅವನ ಸಂಗಡಿಗರಿಗೂ ಉಪಾಹಾರಗೃಹದಲ್ಲಿ ಊಟ ನಿರಾಕರಿಸಿದ ಘಟನೆ ನಡೆದು ಆಗ ಐದೇ ವರ್ಷವಾಗಿತ್ತು. ಮೊದಲ ವರ್ಷ ಸೋತರು. 1968ರಲ್ಲಿ, 1969ರಲ್ಲಿ ಗೆದ್ದರು. ಇಲ್ಲಿಗೆ ಕಥೆ ಮುಗಿದಿದ್ದರೆ ಹುಡುಗನ ವಾದವೇ ಸರಿ: ದೊಡ್ಡ ಆಟಗಾರನೇ ದೊಡ್ಡ ಗುರು. ಆದರೆ ರಸೆಲ್ ಆಟ ಬಿಟ್ಟ ಮೇಲೆ 1973ರಿಂದ ನಾಲ್ಕು ವರ್ಷ ಸಿಯಾಟಲ್ ತಂಡಕ್ಕೆ ಕಲಿಸಿದ, ಫಲ ಮಧ್ಯಮ. 1987ರಲ್ಲಿ ಸ್ಯಾಕ್ರಮೆಂಟೋ ತಂಡವನ್ನು ವಹಿಸಿಕೊಂಡ. 17 ಪಂದ್ಯ ಗೆದ್ದು 41 ಸೋತ ಹೊತ್ತಿಗೆ ಅವನನ್ನು ಆ ಹುದ್ದೆಯಿಂದ ಇಳಿಸಿದರು. ಅಂಗಳದಲ್ಲಿ ತಾನೇ ಇದ್ದಾಗ ಪ್ರಪಂಚವನ್ನು ಗೆದ್ದವನಿಗೆ, ತಾನಿಲ್ಲದ ಅಂಗಳದಲ್ಲಿ ಇತರರಿಂದ ಅದೇ ಕೆಲಸ ಮಾಡಿಸಲಾಗಲಿಲ್ಲ. ಇದರಿಂದ ಅವನ ಹಿರಿಮೆಗೆ ಕುಂದೇನೂ ಇಲ್ಲ. 2022ರಲ್ಲಿ ಅವನು ತೀರಿಕೊಂಡಾಗ ಅವನ 6ನೆಯ ಸಂಖ್ಯೆಯ ಅಂಗಿಯನ್ನು ಇಡೀ ಲೀಗಿನಿಂದಲೇ ನಿವೃತ್ತಗೊಳಿಸಿ ಗೌರವಿಸಿದರು.

ಹತ್ತಿರದವರು ಯಾರೆಂದು ರಾಯಚೂರಿನ ಓದುಗರು ಈಗಾಗಲೇ ಊಹಿಸಿರಬಹುದು. ಅವರ ಆಟ ಬೇರೆ, ಕ್ರಿಕೆಟ್ಟು. ಆದರೆ ದಾರಿ ಇದೇ. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಯರೇ ಗೌಡರು ಮಧ್ಯಮ ಕ್ರಮಾಂಕದ ಬ್ಯಾಟುಗಾರ. ಅವರು ತಲೆಯೆತ್ತಿದ ಕಾಲ ಎಂಥದು! ಕರ್ನಾಟಕ ತಂಡ 1995-96, 1997-98, 1998-99ರಲ್ಲಿ ರಣಜಿ ಟ್ರೋಫಿ ಗೆದ್ದ ಕಾಲ. ಆ ತಂಡದಲ್ಲಿ ಸ್ಥಳ ಸಿಕ್ಕುವುದೆಂದರೆ ಜಾತ್ರೆಯ ದಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದಂತೆ. ಯರೇ ಗೌಡರು ರೈಲ್ವೆ ತಂಡಕ್ಕೆ ಹೋದರು. ಆ ತಂಡ 1958-59ರಿಂದ ರಣಜಿ ಆಡುತ್ತ ಬಂದಿದ್ದರೂ ಒಮ್ಮೆಯೂ ಪ್ರಶಸ್ತಿಯನ್ನು ಕಂಡಿರಲಿಲ್ಲ. 2000-01ರಲ್ಲಿ ಅಂತಿಮ ಪಂದ್ಯದಲ್ಲಿ ಬರೋಡಾಕ್ಕೆ ಸೋತರು; ಮರುವರ್ಷ ಅದೇ ಬರೋಡಾವನ್ನು ಸೋಲಿಸಿ ಗೆದ್ದರು. 2004-05ರಲ್ಲಿ ಮತ್ತೊಮ್ಮೆ. ವಿಕೆಟ್ಟುಗಳು ಉರುಳುವಾಗ ಒಂದು ತುದಿಯಲ್ಲಿ ಕಲ್ಲಿನಂತೆ ನಿಲ್ಲುವ ಈ ಮನುಷ್ಯನನ್ನು ಜನ ರಾಹುಲ್ ದ್ರಾವಿಡರಿಗೆ ಹೋಲಿಸಿದರು. ಆದರೆ ನಿಜವಾದ ದ್ರಾವಿಡ್, ತೆಂಡುಲ್ಕರ್, ಗಂಗೂಲಿ, ಲಕ್ಷ್ಮಣ್ ನಾಲ್ವರೂ ಭಾರತದ ಮಧ್ಯಮ ಕ್ರಮಾಂಕದಲ್ಲಿ ಬೇರುಬಿಟ್ಟು ನಿಂತಿದ್ದ ಆ ವರ್ಷಗಳಲ್ಲಿ ಐದನೆಯವನಿಗೆ ಎಲ್ಲಿಯ ಎಡೆ? ನೂರಕ್ಕೂ ಹೆಚ್ಚು ಪ್ರಥಮ ದರ್ಜೆಯ ಪಂದ್ಯಗಳನ್ನಾಡಿ, ಕರ್ನಾಟಕಕ್ಕೆ ಮರಳಿ ಬಂದು, ತಂಡದ ನಾಯಕರೂ ಆಗಿ, ಭಾರತದ ಪರವಾಗಿ ಒಂದು ದಿನವೂ ಆಡದೆಯೇ ಅವರು ಬ್ಯಾಟನ್ನು ಕೆಳಗಿಟ್ಟರು.

ಅನಂತರ ಕರ್ನಾಟಕ ತಂಡದ ತರಬೇತುಗಾರರಾದರು. 2019ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡನ್ನು ಸೋಲಿಸಿ ವಿಜಯ್ ಹಜಾರೆ ಟ್ರೋಫಿ. ಡಿಸೆಂಬರ್ 1ರಂದು ಸೂರತ್ತಿನಲ್ಲಿ ಅದೇ ತಮಿಳುನಾಡನ್ನು ಒಂದೇ ಒಂದು ಓಟದ ಅಂತರದಿಂದ ಸೋಲಿಸಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿ. ಐದು ವರ್ಷ ಕಳೆದು 2025ರ ಜನವರಿಯಲ್ಲಿ ವಡೋದರದಲ್ಲಿ ವಿದರ್ಭವನ್ನು 36 ಓಟಗಳಿಂದ ಸೋಲಿಸಿ ಮತ್ತೊಮ್ಮೆ ವಿಜಯ್ ಹಜಾರೆ; ಆಗಲೂ ತರಬೇತುಗಾರರು ಅವರೇ. ಮನೀಷ್ ಪಾಂಡೆ, ಕೆ.ಎಲ್. ರಾಹುಲ್, ಮಯಂಕ್ ಅಗರವಾಲ್ ಇವರೆಲ್ಲ ಭಾರತದ ಅಂಗಿ ತೊಟ್ಟವರು. ಆ ಅಂಗಿಯನ್ನು ಎಂದೂ ತೊಡದ ರಾಯಚೂರಿನ ಮನುಷ್ಯನ ಮಾತಿಗೆ ಇವರು ಕಿವಿಗೊಟ್ಟರಲ್ಲವೇ?

ಇದನ್ನೆಲ್ಲ ಮರುವಾರ ಹುಡುಗನಿಗೆ ಹೇಳಿದೆ. ರಸೆಲನ ಅರ್ಧ ಸಮವಸ್ತ್ರದ ಕಥೆ ಅವನಿಗೆ ಬಹಳ ಹಿಡಿಸಿತು. ಯರೇ ಗೌಡರ ಕಥೆಗೆ ಸುಮ್ಮನಾದ. ಜೊತೆಗೆ ಪಿ.ಡಿ.ಯವರು ನನಗೆ ಗೊತ್ತಿರದ ಒಂದು ಲೆಕ್ಕವನ್ನು ಬಿಡಿಸಿ ಹೇಳಿದರು: 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುಗಾರರಿಗಾಗಿಯೇ ಡಿಪ್ಲೊಮಾ ಇದೆ, ಶಾಲೆಯಲ್ಲಿ ಕಲಿಸಬೇಕಾದರೆ ಬಿ.ಪಿ.ಎಡ್. ಬೇಕು, ಕಾಲೇಜಿಗೆ ಎಂ.ಪಿ.ಎಡ್. ಬೇಕು. ಯಾವ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಪದವಿಯನ್ನು. “ನನ್ನ ಮಂಡಿ ಹೋದ ದಿನ ನನ್ನ ಹತ್ತಿರ ಉಳಿದಿದ್ದು ಬಿ.ಎ. ಸರ್ಟಿಫಿಕೇಟ್ ಒಂದೇ” ಎಂದು ಅವರು ಹುಡುಗನ ಮುಖ ನೋಡದೆ, ಬಾಗಿದ ಬಳೆಯ ಕಡೆಗೆ ನೋಡುತ್ತ ಹೇಳಿದರು. ನನ್ನ ವಾರದ ಓದಿಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತೆಂದು ತೋರುತ್ತದೆ.

ಕನ್ನಡದ ಅಧ್ಯಾಪಕನಾದ ನನಗೆ ಆ ಕ್ಷಣದಲ್ಲಿ ನೆನಪಾದದ್ದು ಬೇರೆ. ಮಾನ್ವಿಯ ಸೀಮೆಯ ಚೀಕಲಪರವಿಯ ವಿಜಯದಾಸರಿಗೆ ದೇವದುರ್ಗದ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಶಿಷ್ಯರು. ಆ ಗೋಪಾಲದಾಸರು ರೋಗಪೀಡಿತನಾಗಿ ಬಂದ ಮಾನ್ವಿಯ ವಿದ್ವಾಂಸನೊಬ್ಬನಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಕೊಟ್ಟರೆಂದೂ, ಬದುಕಿ ಉಳಿದ ಆತನೇ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಬರೆದರೆಂದೂ ನಮ್ಮ ಕಡೆಯ ಪ್ರತೀತಿ. ತರಗತಿಯಲ್ಲಿ ಇದನ್ನು ವರ್ಷವರ್ಷವೂ ಹೇಳುತ್ತೇನೆ. ಮಾನ್ವಿಯ ಮಂಡಿ ಮುರಿದ ಗುರುವೂ ದೇವದುರ್ಗದ ಉದ್ದನೆಯ ಶಿಷ್ಯನೂ ಒಂದೇ ಕಲ್ಲುಬೆಂಚಿನ ಮೇಲೆ ಕುಳಿತಿರುವುದನ್ನು ನೋಡಿದ ಮೇಲೆ, ಆಯುಷ್ಯವನ್ನು ಧಾರೆಯೆರೆಯುವುದು ಅಂಥ ಪವಾಡವೇನೂ ಅಲ್ಲವೆಂದು ಅನಿಸಿತು. ಹುಡುಗನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಹಾಜರಿಗಾಗಿ ಬೀಸಿದ ಬಲೆಯೆಂದು ತಿಳಿಯುತ್ತಿದ್ದ.

ಬೆಂಗಳೂರಿನ ಮಾತು ಸದ್ಯಕ್ಕೆ ನಿಂತಿತು. ರಜೆಯಲ್ಲಿ ಹೋಗಿ ಶಿಬಿರಗಳಲ್ಲಿ ಆಡಿ ಬರುವುದು, ಪದವಿಯನ್ನು ಮುಗಿಸುವುದು, ಮುಂದಿನದನ್ನು ಮುಂದೆ ನೋಡುವುದು ಎಂದಾಯಿತು. ತಂದೆಗೆ ಸುದ್ದಿ ಮುಟ್ಟಿಸಿದೆ. ಕೆಲವು ವಾರಗಳ ಮೇಲೆ ಕಾಲೇಜುಗಳ ನಡುವಣ ಪಂದ್ಯವಿದ್ದ ದಿನ, ನಾನು ಕರೆದದ್ದಕ್ಕಾಗಿ, ಅವರು ಮತ್ತೆ ಬಂದರು. ಮಗ ಆಡುವುದನ್ನು ಅವರು ಕಣ್ಣಾರೆ ನೋಡಿದ್ದು ಅದೇ ಮೊದಲು. ಕಲ್ಲುಬೆಂಚಿನ ಮೇಲೆ ನನಗೂ ಪಿ.ಡಿ.ಯವರಿಗೂ ನಡುವೆ, ಟವಲನ್ನು ತೊಡೆಯ ಮೇಲೆ ಮಡಿಚಿಟ್ಟುಕೊಂಡು, ಪಂಚಾಯಿತಿಗೆ ಬಂದವರಂತೆ ಗಂಭೀರವಾಗಿ ಕುಳಿತರು. ಮಗ ಮೊದಲ ಚೆಂಡು ಹಾಕಿದಾಗ ಜನ ಕೂಗಿದರು, ಇವರು ಕದಲಲಿಲ್ಲ. ಹತ್ತು ನಿಮಿಷ ನೋಡಿದ ಮೇಲೆ ನನ್ನ ಕಡೆ ಬಾಗಿ ಕೇಳಿದರು: “ಸರ, ಬುಟ್ಟಿಗಿ ತಳಾನೇ ಇಲ್ಲಲ್ರಿ. ಹಾಕಿದ್ದೆಲ್ಲ ಕೆಳಗ ಬೀಳ್ತದ. ಇದೆಂಥ ಆಟ?”

ಆ ವಾರದ ಓದು ಕೊನೆಗೂ ಉಪಯೋಗಕ್ಕೆ ಬಂತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಮಾಸ್ತರ, ಚಳಿಗಾಲದಲ್ಲಿ ಹೊರಗೆ ಆಡಲಾಗದ ತುಂಟ ಹುಡುಗರನ್ನು ಹಿಡಿದಿಡುವುದಕ್ಕಾಗಿ ಈ ಆಟವನ್ನು ಹುಡುಕಿದನೆಂದೂ, ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಮೊಳೆಹೊಡೆದು ಕೂರಿಸಿದನೆಂದೂ, ಆ ಕಟಕಟೆ ಹತ್ತು ಅಡಿ ಎತ್ತರವಿದ್ದುದರಿಂದಲೇ ಇವತ್ತಿಗೂ ಬಳೆ ಹತ್ತು ಅಡಿಗೇ ಇದೆಯೆಂದೂ ಹೇಳಿದೆ. ಆ ಬುಟ್ಟಿಗಳಿಗೆ ತಳವಿತ್ತು. ಚೆಂಡು ಬಿದ್ದಾಗಲೆಲ್ಲ ಆಟ ನಿಲ್ಲಿಸಿ, ಒಬ್ಬ ಏಣಿ ಹತ್ತಿ ಅದನ್ನು ತೆಗೆದುಕೊಡಬೇಕಾಗಿತ್ತು. ತಳ ತೆಗೆಯಬೇಕೆಂದು ಹೊಳೆಯುವುದಕ್ಕೆ ಅವರಿಗೆ ವರ್ಷಗಳೇ ಹಿಡಿದವು.

“ಅಷ್ಟು ಓದಿದವರಿಗೂ?” ಎಂದರು ರೈತರು. ಅವರ ಮುಖದಲ್ಲಿ ನಗು ಕಂಡದ್ದು ಆಗಲೇ.

ನಮ್ಮ ತಂಡ ಆ ದಿನ ಸೋತಿತು. ಕೊನೆಯ ನಿಮಿಷದಲ್ಲಿ ಸಿಕ್ಕ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ನಮ್ಮ ಹುಡುಗನೇ ತಪ್ಪಿಸಿದ. ಬೆವರಿಳಿಸುತ್ತ ಬಂದು ತಂದೆಯ ಮುಂದೆ ತಲೆತಗ್ಗಿಸಿ ನಿಂತ. ತಂದೆ ಏನೂ ಅನ್ನದೆ ತಮ್ಮ ಟವಲನ್ನು ಅವನ ಕೈಗೆ ಕೊಟ್ಟರು. ದೇವದುರ್ಗದ ಬಸ್ಸಿನವರೆಗೆ ನಾನು ಅವರ ಜೊತೆಯಲ್ಲಿ ನಡೆದೆ. ಬಸ್ಸು ಹತ್ತುವಾಗ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವರು ತಿರುಗಿ ನೋಡಿದರು.

“ಸರ, ಆ ಪಟಿಯಾಲ ಅಂತ ಪಿ.ಡಿ. ಸರ ಅಂದ್ರಲ್ರಿ, ಅಲ್ಲಿ ಚಳಿ ಭಾಳ ಇರ್ತದೇನ್ರಿ?”

ಇರುತ್ತದೆಂದೇ ಕೇಳಿದ್ದೇನೆ ಎಂದೆ.

“ಹಂಗಾದ್ರ ಅವರವ್ವಗ ಈಗಿಂದನ ಹೇಳ್ತೀನಿ. ಕೌದಿ ಹೊಲಿಯಾಕ ಭಾಳ ದಿನ ಹಿಡಿತದ” ಎಂದು ಒಳಗೆ ಹೋಗಿ, ಕಿಟಕಿಯ ಪಕ್ಕದ ಸೀಟು ಹಿಡಿದು ಕುಳಿತರು.